ಕಾರೆನ್ ಕಾರ್ಪೆಂಟರ್: ಹಳೆಯ ಕ್ಯಾಸೆಟ್‌ಗಳಲ್ಲಿ ಉಳಿದ ಧ್ವನಿ

1973ರಲ್ಲಿ ಅಮೆರಿಕದ 'ಕಾರ್ಪೆಂಟರ್ಸ್' ತಂಡವು 'ನೌ ಅಂಡ್ ದೆನ್' ಎಂಬ ಆಲ್ಬಮನ್ನು ಹೊರತಂದಿತು. ಅದರ ಒಂದು ಬದಿಯಲ್ಲಿ ಆ ಕಾಲದ ಹೊಸ ಹಾಡುಗಳು. ಇನ್ನೊಂದು ಬದಿಯಲ್ಲಿ 1960ರ ದಶಕದ ಆರಂಭದಲ್ಲಿ ಜನಪ್ರಿಯವಾಗಿದ್ದ ಎಂಟು ಹಾಡುಗಳನ್ನು ರೇಡಿಯೋ ಕಾರ್ಯಕ್ರಮದ ಮಾದರಿಯಲ್ಲಿ ಒಂದಾದ ಮೇಲೊಂದರಂತೆ ಪೋಣಿಸಲಾಗಿತ್ತು. ಆ ಬದಿಯ ಆರಂಭದ ಹಾಡೇ 'ಯೆಸ್ಟರ್‌ಡೇ ಒನ್ಸ್ ಮೋರ್'. ಎಳೆಯ ವಯಸ್ಸಿನಲ್ಲಿ ರೇಡಿಯೋದಲ್ಲಿ ಕೇಳಿದ ಹಾಡುಗಳು ಮರಳಿ ಬಂದಾಗ ಮನಸ್ಸಿಗಾಗುವ ಸಂತೋಷ ಮತ್ತು ಸಂಕಟವೇ ಅದರ ವಸ್ತು. ಅದನ್ನು ಹಾಡಿದ ಕಾರೆನ್ ಕಾರ್ಪೆಂಟರ್ ಅವರಿಗೆ ಆಗ ಕೇವಲ 23 ವರ್ಷ. ಆ ಎಂಟು ಹಾಡುಗಳು ಹೊಸದಾಗಿ ಬಂದಿದ್ದಾಗ ಅವರು ಹನ್ನೊಂದರಿಂದ ಹದಿನಾಲ್ಕು ವರ್ಷದ ಶಾಲಾ ಬಾಲಕಿ.

ಹತ್ತೇ ವರ್ಷಗಳಲ್ಲಿ, 1983ರ ಫೆಬ್ರವರಿ 4ರಂದು, ಕಾರೆನ್ ತೀರಿಕೊಂಡರು. ಮೂವತ್ತಮೂರನೇ ಹುಟ್ಟುಹಬ್ಬಕ್ಕೆ ಇನ್ನೂ ಒಂದು ತಿಂಗಳು ಬಾಕಿಯಿತ್ತು.

ಕರಾವಳಿಯ ಕ್ರೈಸ್ತ ಮನೆಗಳಿಗೆ ಈ ಧ್ವನಿ ಅಪರಿಚಿತವಲ್ಲ. ಕೊಲ್ಲಿ ರಾಷ್ಟ್ರಗಳಿಂದ ರಜೆಯಲ್ಲಿ ಬಂದವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್ ಜೊತೆಗೆ ಜಿಮ್ ರೀವ್ಸ್, ಅಬ್ಬಾ, ಬೋನಿ ಎಂ ಮತ್ತು ಕಾರ್ಪೆಂಟರ್ಸ್ ಕ್ಯಾಸೆಟ್‌ಗಳೂ ಇರುತ್ತಿದ್ದವು. ನಾವು 1990ರ ದಶಕದಲ್ಲಿ ಹದಿಹರೆಯದವರಾಗಿದ್ದಾಗ ಈ ಹಾಡುಗಳಿಂದಲೇ ಗಿಟಾರಿನ ಕಾರ್ಡ್‌ಗಳನ್ನು ಕಲಿತವರು. ಇಂಗ್ಲಿಷ್ ಪದಗಳ ಸ್ಪಷ್ಟ ಉಚ್ಚಾರಕ್ಕೂ ಇವೇ ನಮ್ಮ ಪಾಠ. ಆದರೆ ಹಾಡಿದವರು ಯಾರು, ಏನಾದರು ಎಂದು ವಿಚಾರಿಸುವ ಗೋಜಿಗೆ ನಾವು ಹೋಗಿದ್ದು ಕಡಿಮೆ. ಈಗ ಅದೇ ಆಲ್ಬಮ್‌ಗಳನ್ನು ಒಂದೊಂದಾಗಿ ಮತ್ತೆ ಕೇಳುತ್ತಾ, ಈ ಗಾಯಕಿಯ ಬದುಕನ್ನು ಓದುಗರ ಮುಂದಿಡುತ್ತಿದ್ದೇವೆ.

ನ್ಯೂ ಹೇವನ್‌ನಿಂದ ಡೌನಿಗೆ

ಕಾರೆನ್ ಆನ್ ಕಾರ್ಪೆಂಟರ್ ಹುಟ್ಟಿದ್ದು 1950ರ ಮಾರ್ಚ್ 2ರಂದು, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿ. ತಂದೆ ಹೆರಾಲ್ಡ್ ಕ್ರೈಸ್ತ ಮಿಷನರಿ ದಂಪತಿಯ ಮಗನಾಗಿ ಚೀನಾದಲ್ಲಿ ಹುಟ್ಟಿದವರು, ಮಿತಭಾಷಿ, ಸಂಗೀತಪ್ರಿಯ. ಮನೆಯಲ್ಲಿ ಅವರು ಕೂಡಿಟ್ಟಿದ್ದ ಗ್ರಾಮಾಫೋನ್ ತಟ್ಟೆಗಳೇ ಮಕ್ಕಳ ಮೊದಲ ಸಂಗೀತ ಶಾಲೆ. ತಾಯಿ ಆಗ್ನೆಸ್ ಶಿಸ್ತಿನ, ಗಟ್ಟಿ ಸ್ವಭಾವದ ಗೃಹಿಣಿ. ಕಾರೆನ್‌ಗಿಂತ ಮೂರೂವರೆ ವರ್ಷ ದೊಡ್ಡವನಾದ ಅಣ್ಣ ರಿಚರ್ಡ್ ಪಿಯಾನೋದಲ್ಲಿ ಅಸಾಧಾರಣ ಪ್ರತಿಭೆ ತೋರಿಸುತ್ತಿದ್ದ. ಮನೆಯವರ ಗಮನ, ನಿರೀಕ್ಷೆ ಎಲ್ಲವೂ ಆ ಹುಡುಗನ ಮೇಲೆಯೇ. ತಂಗಿ ಅಂಗಳದಲ್ಲಿ ಬೇಸ್‌ಬಾಲ್ ಆಡಿಕೊಂಡಿದ್ದ ಹುಡುಗಿ.

ರಿಚರ್ಡ್ ಅವರ ಸಂಗೀತ ಭವಿಷ್ಯವನ್ನು ಮನಸ್ಸಿನಲ್ಲಿಟ್ಟು 1963ರಲ್ಲಿ ಕುಟುಂಬವು ಕ್ಯಾಲಿಫೋರ್ನಿಯಾದ ಡೌನಿ ಪಟ್ಟಣಕ್ಕೆ ವಲಸೆ ಬಂತು. ಅಲ್ಲಿನ ಮೆಥಡಿಸ್ಟ್ ಚರ್ಚಿನಲ್ಲಿ ರಿಚರ್ಡ್ ಆರ್ಗನ್ ನುಡಿಸತೊಡಗಿದರು. ಆರಾಧನೆಯ ನಡುವೆ ಆಗಿನ ಬೀಟಲ್ಸ್ ತಂಡದ ಹಾಡುಗಳ ಧಾಟಿಯನ್ನು ನಿಧಾನಗೊಳಿಸಿ, ಭಕ್ತಿಗೀತೆಯಂತೆ ತೋರುವ ಹಾಗೆ ನುಡಿಸುತ್ತಿದ್ದ ತುಂಟತನವೂ ಅವರಲ್ಲಿತ್ತು. ನಮ್ಮ ಗಾಯನ ಮಂಡಳಿಗಳಲ್ಲಿ ಕೀಬೋರ್ಡ್ ನುಡಿಸುವ ಹುಡುಗರನ್ನು ಬಲ್ಲವರಿಗೆ ಇದು ಹೊಸ ಸಂಗತಿಯೇನಲ್ಲ.

ಡ್ರಮ್ಸ್ ಹಿಂದೆ ಕುಳಿತ ಹುಡುಗಿ

ಕಾರೆನ್ ಸಂಗೀತಕ್ಕೆ ಬಂದದ್ದು ಹಾಡುಗಾರಿಕೆಯ ಮೂಲಕ ಅಲ್ಲ. ಡೌನಿ ಹೈಸ್ಕೂಲಿನಲ್ಲಿ ವ್ಯಾಯಾಮ ತರಗತಿಯಿಂದ ತಪ್ಪಿಸಿಕೊಳ್ಳಲು ಅವರು ಬ್ಯಾಂಡ್ ಸೇರಿದರು. ಅಲ್ಲಿ ಸಿಕ್ಕಿದ್ದು ಗ್ಲಾಕೆನ್‌ಸ್ಪೀಲ್ ಎಂಬ ಲೋಹದ ಪಟ್ಟಿಗಳ ವಾದ್ಯ. ಅದು ಅವರಿಗೆ ಹಿಡಿಸಲಿಲ್ಲ. ಅದೇ ಬ್ಯಾಂಡಿನಲ್ಲಿ ಫ್ರ್ಯಾಂಕಿ ಚಾವೆಜ್ ಎಂಬ ಗೆಳೆಯ ಡ್ರಮ್ಸ್ ಬಾರಿಸುವುದನ್ನು ನೋಡಿ, ತನಗೂ ಇದೇ ಬೇಕೆಂದು ಹಠ ಹಿಡಿದರು. ಹುಡುಗಿಯರು ಡ್ರಮ್ಸ್ ಬಾರಿಸುವುದು ವಾಡಿಕೆಯಲ್ಲವೆಂದು ಬ್ಯಾಂಡಿನ ಮೇಷ್ಟ್ರು ಹಿಂಜರಿದರೂ ಕಾರೆನ್ ಬಿಡಲಿಲ್ಲ. ಹೆತ್ತವರು ಲುಡ್ವಿಗ್ ಕಂಪನಿಯ ಡ್ರಮ್ಸ್ ತೆಗೆಸಿಕೊಟ್ಟರು. ಸ್ವಲ್ಪ ಸಮಯದಲ್ಲೇ ಕಠಿಣ ತಾಳಗಳನ್ನೂ ಅವರು ಸಲೀಸಾಗಿ ಬಾರಿಸುವಂತಾದರು.

ಅಣ್ಣ ಪಿಯಾನೋ, ತಂಗಿ ಡ್ರಮ್ಸ್, ಗೆಳೆಯ ವೆಸ್ ಜೇಕಬ್ಸ್ ಟ್ಯೂಬಾ ಹಾಗೂ ಬಾಸ್. ಹೀಗೆ ಹುಟ್ಟಿದ ಮೂವರ ತಂಡವು 1966ರ ಜೂನ್ ತಿಂಗಳಲ್ಲಿ ಹಾಲಿವುಡ್ ಬೌಲ್ ಬಯಲು ರಂಗಮಂದಿರದಲ್ಲಿ ನಡೆದ ಬ್ಯಾಂಡ್ ಸ್ಪರ್ಧೆಯಲ್ಲಿ ಗೆದ್ದಿತು. ಆರ್‌ಸಿಎ ಕಂಪನಿಯು ಅವರ ಸಂಗೀತವನ್ನು ಧ್ವನಿಮುದ್ರಿಸಿಕೊಂಡಿತಾದರೂ ಹೊರತರಲಿಲ್ಲ.

ಲಾಂಗ್ ಬೀಚ್‌ನ ಸರಕಾರಿ ಕಾಲೇಜಿನಲ್ಲಿ ಗಾಯನ ಮಂಡಳಿಯ ನಿರ್ದೇಶಕರಾಗಿದ್ದ ಫ್ರ್ಯಾಂಕ್ ಪೂಲರ್ ಈ ಅಣ್ಣತಂಗಿಯರಿಗೆ ದೊಡ್ಡ ಆಸರೆಯಾದರು. ಕಾರೆನ್ ಅವರ ಧ್ವನಿಯ ತಗ್ಗು ಸ್ಥಾಯಿಯಲ್ಲಿ ನಿಜವಾದ ಸಂಪತ್ತು ಇದೆಯೆಂದು ಗುರುತಿಸಿದವರಲ್ಲಿ ಇವರೂ ಒಬ್ಬರು. ಸ್ತ್ರೀಯರ ಧ್ವನಿಗಳಲ್ಲಿ ಅತ್ಯಂತ ತಗ್ಗಿನದನ್ನು ಕಾಂಟ್ರಾಲ್ಟೋ ಎನ್ನುತ್ತಾರೆ. ಕಾರೆನ್ ಅವರದ್ದು ಅಂತಹ ಧ್ವನಿ. ಮೈಕಿಗೆ ತೀರಾ ಹತ್ತಿರ ನಿಂತು, ಕಿವಿಯ ಪಕ್ಕದಲ್ಲಿ ಮಾತನಾಡಿದಂತೆ ಅವರು ಹಾಡುತ್ತಿದ್ದರು.

ಇದೇ ಕಾಲೇಜಿನಲ್ಲಿ ಪರಿಚಯವಾದ ಜಾನ್ ಬೆಟಿಸ್ ಮುಂದೆ ರಿಚರ್ಡ್ ಅವರ ಜೊತೆ ಅನೇಕ ಹಾಡುಗಳನ್ನು ಬರೆದರು. 1967ರಲ್ಲಿ ಇವರಿಬ್ಬರೂ ಡಿಸ್ನಿಲ್ಯಾಂಡಿನಲ್ಲಿ ಪಿಯಾನೋ ನುಡಿಸುವ ಕೆಲಸಕ್ಕೆ ಸೇರಿ, ಹಳೆಯ ಹಾಡುಗಳ ಬದಲು ಆಗಿನ ಜನಪ್ರಿಯ ಹಾಡುಗಳನ್ನೇ ನುಡಿಸಿದ್ದಕ್ಕೆ ಕೆಲಸ ಕಳೆದುಕೊಂಡರು.

ಯಶಸ್ಸಿನ ಮೆಟ್ಟಿಲುಗಳು

1969ರ ಏಪ್ರಿಲ್ 22ರಂದು ಕಾರ್ಪೆಂಟರ್ಸ್ ತಂಡ ಎ ಅಂಡ್ ಎಂ ರೆಕಾರ್ಡ್ಸ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಂಪನಿಯ ಸ್ಥಾಪಕರಲ್ಲೊಬ್ಬರಾದ, ಸ್ವತಃ ಕಹಳೆ ವಾದಕರಾದ ಹರ್ಬ್ ಆಲ್ಪರ್ಟ್ ಅವರ ಧ್ವನಿಮುದ್ರಿಕೆಯನ್ನು ಕೇಳಿ ಮೆಚ್ಚಿದ್ದರು. ಕಾರೆನ್‌ಗೆ ಆಗ 19 ವರ್ಷ. ಕಾನೂನಿನ ಪ್ರಕಾರ ಇನ್ನೂ ವಯಸ್ಕರಲ್ಲವಾದ್ದರಿಂದ ಹೆತ್ತವರೂ ಸಹಿ ಹಾಕಬೇಕಾಯಿತು. ಅದೇ ವರ್ಷ ಬಂದ ಮೊದಲ ಆಲ್ಬಮ್ 'ಆಫರಿಂಗ್' ಮಾರುಕಟ್ಟೆಯಲ್ಲಿ ಸೋತಿತು. ಮುಂದೆ ಅದು 'ಟಿಕೆಟ್ ಟು ರೈಡ್' ಎಂಬ ಹೆಸರಿನಲ್ಲಿ ಮತ್ತೆ ಬಂತು.

1970ರಲ್ಲಿ ಚಿತ್ರ ಬದಲಾಯಿತು. ಬರ್ಟ್ ಬಾಕಾರಾಕ್ ಮತ್ತು ಹಾಲ್ ಡೇವಿಡ್ ರಚಿಸಿದ, ಅದಕ್ಕೂ ಮೊದಲು ಬೇರೆಯವರು ಹಾಡಿದಾಗ ಅಷ್ಟಾಗಿ ಗಮನ ಸೆಳೆಯದ 'ಕ್ಲೋಸ್ ಟು ಯೂ' ಹಾಡು ಕಾರೆನ್ ಅವರ ಕಂಠದಲ್ಲಿ ಅಮೆರಿಕದ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಅದರ ಬೆನ್ನಿಗೆ ಬಂದ 'ವೀ ಹ್ಯಾವ್ ಓನ್ಲಿ ಜಸ್ಟ್ ಬಿಗನ್' ಹಾಡನ್ನು ನಮ್ಮಲ್ಲೂ ಮದುವೆಯ ಸಭಾಂಗಣಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಅದು ಮೂಲತಃ ಕ್ಯಾಲಿಫೋರ್ನಿಯಾದ ಒಂದು ಬ್ಯಾಂಕಿನ ಟಿವಿ ಜಾಹೀರಾತಿಗೆ ರಾಜರ್ ನಿಕೊಲ್ಸ್ ಮತ್ತು ಪಾಲ್ ವಿಲಿಯಮ್ಸ್ ರಚಿಸಿದ ಹಾಡು ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ.

1971ರಲ್ಲಿ ತಂಡಕ್ಕೆ ಎರಡು ಗ್ರ್ಯಾಮಿ ಪ್ರಶಸ್ತಿಗಳು, ಮರುವರ್ಷ ಮತ್ತೊಂದು. 1973ರ ಮೇ 1ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲ್ಲಿ ಬ್ರಾಂಟ್ ಅವರ ಗೌರವಾರ್ಥ ಅಧ್ಯಕ್ಷ ನಿಕ್ಸನ್ ಏರ್ಪಡಿಸಿದ್ದ ಸಮಾರಂಭದಲ್ಲಿ ಶ್ವೇತಭವನದಲ್ಲೇ ಹಾಡುವ ಅವಕಾಶ. ಅದೇ ವರ್ಷದ ಕೊನೆಗೆ 'ಟಾಪ್ ಆಫ್ ದ ವರ್ಲ್ಡ್' ಮೊದಲ ಸ್ಥಾನಕ್ಕೇರಿತು. ಜಪಾನ್ ಮತ್ತು ಬ್ರಿಟನ್‌ಗಳಲ್ಲೂ ಜನ ಮುಗಿಬಿದ್ದರು. ತಂಡದ ಧ್ವನಿಮುದ್ರಿಕೆಗಳು ಜಗತ್ತಿನಾದ್ಯಂತ ಹತ್ತು ಕೋಟಿಗೂ ಮಿಕ್ಕಿ ಮಾರಾಟವಾಗಿವೆ.

ಈ ಯಶಸ್ಸು ಕಾರೆನ್ ಅವರಿಂದ ಒಂದನ್ನು ಕಿತ್ತುಕೊಂಡಿತು. ಡ್ರಮ್ಸ್ ಹಿಂದೆ ಕುಳಿತರೆ ಪ್ರೇಕ್ಷಕರಿಗೆ ಅವರು ಕಾಣಿಸುವುದಿಲ್ಲವೆಂದು ವಿಮರ್ಶಕರೂ ವ್ಯವಸ್ಥಾಪಕರೂ ಒತ್ತಾಯಿಸಿದರು. ನಿಧಾನವಾಗಿ ಅವರು ವೇದಿಕೆಯ ಮುಂಭಾಗಕ್ಕೆ ಬಂದು ನಿಲ್ಲಬೇಕಾಯಿತು. ಕಛೇರಿಗಳಲ್ಲಿ ಡ್ರಮ್ಸ್ ಬೇರೆಯವರ ಕೈಗೆ ಹೋಯಿತು. ಡ್ರಮ್ಸ್ ಅವರಿಗೆ ಕೇವಲ ವಾದ್ಯವಾಗಿರಲಿಲ್ಲ, ಮರೆಯೂ ಆಗಿತ್ತು. ಆ ಮರೆ ಹೋದ ಮೇಲೆ ಸಾವಿರಾರು ಕಣ್ಣುಗಳು ನೇರವಾಗಿ ಅವರ ಮೈಮೇಲೆ ಬಿದ್ದವು.

ಮತ್ತೆ ಕೇಳಿದಾಗ

ನಮ್ಮ ಹದಿಹರೆಯದಲ್ಲಿ ಕಾರ್ಪೆಂಟರ್ಸ್ ಕೇಳುವುದೆಂದರೆ ಗೆಳೆಯರ ನಡುವೆ ಸ್ವಲ್ಪ ನಾಚಿಕೆಯ ಸಂಗತಿಯೇ ಆಗಿತ್ತು. ಗಟ್ಟಿ ಗಿಟಾರಿನ ರಾಕ್ ಕೇಳುವವರು ಇದನ್ನು ಅಜ್ಜಿಯರ ಸಂಗೀತವೆಂದು ತಮಾಷೆ ಮಾಡುತ್ತಿದ್ದರು. 1970ರ ದಶಕದ ಅಮೆರಿಕದ ವಿಮರ್ಶಕರೂ ಹೀಗೆಯೇ ಬರೆದಿದ್ದರು. ತೀರಾ ಸಿಹಿ, ತೀರಾ ಶುಚಿ, ತೀರಾ ಸಭ್ಯ ಎಂಬುದು ಅವರ ಆಕ್ಷೇಪ. ವಿಯೆಟ್ನಾಂ ಯುದ್ಧದ ವಿರುದ್ಧ ಯುವಜನರು ಬೀದಿಗಿಳಿದಿದ್ದ ಕಾಲದಲ್ಲಿ ಈ ಅಣ್ಣತಂಗಿಯರು ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು ಪ್ರೇಮಗೀತೆ ಹಾಡುತ್ತಿದ್ದರು.

ಈಗ ಹೆಡ್‌ಫೋನ್ ಹಾಕಿಕೊಂಡು 1971ರ 'ಕಾರ್ಪೆಂಟರ್ಸ್' ಆಲ್ಬಮನ್ನು ಕೇಳಿದರೆ ಬೇರೆಯೇ ಅನುಭವ. ಹಿನ್ನೆಲೆಯಲ್ಲಿ ಕೇಳಿಸುವ ದೊಡ್ಡ ಗಾಯನ ಮಂಡಳಿ ನಿಜವಾಗಿ ಎರಡೇ ಜನ. ನಾಲ್ಕು ಸ್ವರಗಳ ಹಾರ್ಮನಿಯ ಒಂದೊಂದು ಸ್ವರವನ್ನೂ ಅಣ್ಣತಂಗಿಯರು ಎರಡು ಮೂರು ಬಾರಿ ಹಾಡಿ, ಒಂದರ ಮೇಲೊಂದು ಧ್ವನಿಮುದ್ರಿಸಿ, ಹನ್ನೆರಡರಷ್ಟು ಕಂಠಗಳ ಭಾವನೆ ಬರುವಂತೆ ಮಾಡಿದ್ದಾರೆ. ಒಂದು ಕಂಠ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆಯೋ ಎಲ್ಲವೂ ಅಲ್ಲೇ ತೆಗೆದುಕೊಳ್ಳುತ್ತವೆ. ಭಾನುವಾರದ ಬಲಿಪೂಜೆಗೆ ನಾಲ್ಕು ಜನರನ್ನು ಒಂದೇ ಸ್ವರಕ್ಕೆ ತರಲು ಹೆಣಗುವ ನಮ್ಮ ಗಾಯನ ಮಂಡಳಿಯ ಮುಖ್ಯಸ್ಥರು ಇದನ್ನೊಮ್ಮೆ ಗಮನವಿಟ್ಟು ಕೇಳಬೇಕು.

ಅದೇ ಆಲ್ಬಮಿನ 'ಸೂಪರ್‌ಸ್ಟಾರ್' ಲಿಯಾನ್ ರಸೆಲ್ ಮತ್ತು ಬಾನಿ ಬ್ರ್ಯಾಮ್ಲೆಟ್ ಬರೆದ ಹಾಡು. ಒಬ್ಬ ಗಿಟಾರ್ ವಾದಕನಿಗಾಗಿ ವ್ಯರ್ಥವಾಗಿ ಕಾಯುವ ಹುಡುಗಿಯ ಅಳಲು ಅದರಲ್ಲಿದೆ. ವಾದ್ಯದವರಿಗೆ ದಾರಿ ತೋರಿಸಲೆಂದು ಕಾರೆನ್ ಪ್ರಾಯೋಗಿಕವಾಗಿ ಹಾಡಿದ್ದೇ ಕೊನೆಗೆ ಆಲ್ಬಮಿನಲ್ಲಿ ಉಳಿಯಿತು. ಹದಿನೈದನೇ ವಯಸ್ಸಿನಲ್ಲಿ ನಮಗೆ ಅದು ಇಂಪಾದ ಹಾಡು ಮಾತ್ರ. ಈಗ ಕೇಳಿದರೆ, ಇಪ್ಪತ್ತೊಂದರ ಹುಡುಗಿಗೆ ಇಷ್ಟೊಂದು ಒಂಟಿತನ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ.

1972ರ 'ಎ ಸಾಂಗ್ ಫಾರ್ ಯೂ' ಆಲ್ಬಮಿನಲ್ಲಿ 'ಗುಡ್‌ಬೈ ಟು ಲವ್' ಇದೆ. ಆ ಮೃದುವಾದ ಹಾಡಿನ ಮಧ್ಯೆ ಟೋನಿ ಪೆಲೂಸೋ ಎಂಬ ಯುವಕ ಒರಟು ಧ್ವನಿಯ ಎಲೆಕ್ಟ್ರಿಕ್ ಗಿಟಾರನ್ನು ಮೊಳಗಿಸಿದಾಗ ಕೆಲವು ಅಭಿಮಾನಿಗಳು ಸಿಟ್ಟಿನಿಂದ ಪತ್ರ ಬರೆದರಂತೆ. ಮುಂದೆ ರಾಕ್ ತಂಡಗಳೇ ಅನುಸರಿಸಿದ ಮಾದರಿ ಅದು. ನಮ್ಮನ್ನು ತಮಾಷೆ ಮಾಡುತ್ತಿದ್ದ ಗೆಳೆಯರಿಗೆ ಈ ಹಾಡು ಸಾಕಾದ ಉತ್ತರವಾಗುತ್ತಿತ್ತು. 'ನೌ ಅಂಡ್ ದೆನ್' ಆಲ್ಬಮಿನ ಬಹುತೇಕ ಹಾಡುಗಳಲ್ಲಿ ಡ್ರಮ್ಸ್ ಬಾರಿಸಿದವರು ಕಾರೆನ್ ಅವರೇ. ಹಳೆಯ ಹಾಡುಗಳ ಆ ಮಾಲಿಕೆಯಲ್ಲಿ ಅವರ ಕೈಗಳ ಲವಲವಿಕೆ ಎದ್ದು ಕೇಳಿಸುತ್ತದೆ.

1978ರ 'ಕ್ರಿಸ್ಮಸ್ ಪೋರ್ಟ್ರೇಟ್' ನಮ್ಮ ಕಡೆಯ ಮನೆಗಳಲ್ಲಿ ಡಿಸೆಂಬರ್ ಬಂದರೆ ಇಂದಿಗೂ ಕೇಳಿಸುವ ಆಲ್ಬಮ್. 'ಸೈಲೆಂಟ್ ನೈಟ್' ಮತ್ತು ಬಾಕ್-ಗುನೋ ಅವರ 'ಆವೆ ಮರಿಯಾ' ಎರಡೂ ಅದರಲ್ಲಿವೆ. ಅದರಲ್ಲಿರುವ 'ಮೆರಿ ಕ್ರಿಸ್ಮಸ್ ಡಾರ್ಲಿಂಗ್' ಹಾಡಿನ ಸಾಹಿತ್ಯವನ್ನು 1940ರ ದಶಕದಲ್ಲಿ ಬರೆದಿಟ್ಟಿದ್ದವರು ಅದೇ ಫ್ರ್ಯಾಂಕ್ ಪೂಲರ್. ಹೊಸ ಕ್ರಿಸ್ಮಸ್ ಹಾಡು ಬೇಕೆಂದು ಶಿಷ್ಯರು ಕೇಳಿದಾಗ ಗುರುಗಳು ತಮ್ಮ ಯೌವನದ ಕವನವನ್ನು ತೆಗೆದುಕೊಟ್ಟರು. ರಿಚರ್ಡ್ ಅದಕ್ಕೆ ರಾಗ ಹಾಕಿದರು.

ತಟ್ಟೆಯ ಮುಂದಿನ ಹೋರಾಟ

ಕಾರೆನ್ ಬಾಲ್ಯದಲ್ಲಿ ಸ್ವಲ್ಪ ದುಂಡಗಿದ್ದವರು. 1967ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ವೈದ್ಯರ ಸಲಹೆಯಂತೆ ಪಥ್ಯ ಮಾಡಿ ತೂಕ ಇಳಿಸಿಕೊಂಡರು. ಕೆಲವು ವರ್ಷ ಅದು ಹಾಗೆಯೇ ಇತ್ತು. ಆದರೆ 1973ರ ಸುಮಾರಿಗೆ ಕಛೇರಿಯೊಂದರ ಚಿತ್ರದಲ್ಲಿ ತಾನು ದಪ್ಪಗೆ ಕಾಣುತ್ತಿದ್ದೇನೆಂಬ ಚಿಂತೆ ಅವರನ್ನು ಹಿಡಿಯಿತು. ಅಲ್ಲಿಂದ ಊಟ ಕಡಿಮೆಯಾಗುತ್ತಾ ಬಂತು. ಮೇಜಿನ ಮುಂದೆ ಕುಳಿತು ತಟ್ಟೆಯಲ್ಲಿದ್ದುದನ್ನು ಅತ್ತಿತ್ತ ಸರಿಸುವುದು, ಇತರರಿಗೆ ರುಚಿ ನೋಡಲು ಕೊಟ್ಟು ತಟ್ಟೆ ಖಾಲಿ ಮಾಡುವುದು ಅವರ ರೂಢಿಯಾಯಿತು. ವರ್ಷಕ್ಕೆ ನೂರಕ್ಕೂ ಹೆಚ್ಚು ಕಛೇರಿಗಳ ಓಡಾಟದಲ್ಲಿ ಮೊದಮೊದಲು ಇದು ಯಾರ ಕಣ್ಣಿಗೂ ಬೀಳಲಿಲ್ಲ.

1975ರಲ್ಲಿ 'ಪ್ಲೀಸ್ ಮಿಸ್ಟರ್ ಪೋಸ್ಟ್‌ಮನ್' ಹಾಡು ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಬಂದ 'ಹೊರೈಜನ್' ಆಲ್ಬಮಿನಲ್ಲಿ ಕಾರೆನ್ ಅವರ ಧ್ವನಿ ಅತ್ಯಂತ ಪಕ್ವವಾಗಿದೆ. ಆ ಧ್ವನಿ ಬರುತ್ತಿದ್ದ ದೇಹ ಮಾತ್ರ ಕರಗಿ ಹೋಗಿತ್ತು. ವೇದಿಕೆಗೆ ಅವರು ಬಂದಾಗ ಪ್ರೇಕ್ಷಕರು ಗಾಬರಿಯಿಂದ ಉಸಿರು ಹಿಡಿದದ್ದುಂಟು. ಆ ವರ್ಷದ ಬ್ರಿಟನ್ ಮತ್ತು ಜಪಾನ್ ಪ್ರವಾಸಗಳನ್ನು ರದ್ದುಪಡಿಸಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಬಳಲಿಕೆ ಎಂದು ಹೊರಗೆ ತಿಳಿಸಲಾಯಿತು.

ಈ ಕಾಯಿಲೆಯ ಹೆಸರು ಅನೊರೆಕ್ಸಿಯಾ ನರ್ವೋಸಾ. ಬ್ರಿಟಿಷ್ ವೈದ್ಯ ಸರ್ ವಿಲಿಯಂ ಗಲ್ 1873ರಲ್ಲೇ ಇದಕ್ಕೆ ಈ ಹೆಸರು ಕೊಟ್ಟಿದ್ದರು. ಆದರೆ ನೂರು ವರ್ಷಗಳ ನಂತರವೂ ಸಾಮಾನ್ಯ ಜನರಿಗೆ, ಎಷ್ಟೋ ವೈದ್ಯರಿಗೂ, ಇದು ಅಷ್ಟಾಗಿ ಪರಿಚಿತವಿರಲಿಲ್ಲ. ಇದು ಹಸಿವಿಲ್ಲದ ಕಾಯಿಲೆಯಲ್ಲ, ಹಸಿವಿರುತ್ತದೆ. ತೂಕ ಹೆಚ್ಚುವ ಭಯ ಹಸಿವನ್ನು ಮೀರಿಸುತ್ತದೆ. ಕನ್ನಡಿಯಲ್ಲಿ ಎಲುಬು ಕಾಣುತ್ತಿದ್ದರೂ ರೋಗಿಗೆ ದಪ್ಪಗಿರುವ ದೇಹವೇ ಕಾಣುತ್ತದೆ. ತನಗೆ ಕಾಯಿಲೆ ಇದೆಯೆಂದು ಒಪ್ಪಿಕೊಳ್ಳದಿರುವುದೂ ಕಾಯಿಲೆಯ ಒಂದು ಭಾಗ. 1981ರಲ್ಲಿ ಬಿಬಿಸಿ ಟಿವಿ ಸಂದರ್ಶನದಲ್ಲಿ ಈ ಬಗ್ಗೆ ನೇರವಾಗಿ ಕೇಳಿದಾಗಲೂ ಕಾರೆನ್ ನಿರಾಕರಿಸಿದರು.

ಮನೆಯಲ್ಲಿ ಇನ್ನೊಂದು ಹೋರಾಟವೂ ನಡೆದಿತ್ತು. ರಿಚರ್ಡ್ ನಿದ್ರೆ ಮಾತ್ರೆಯ ಚಟಕ್ಕೆ ಬಿದ್ದು, 1979ರ ಆರಂಭದಲ್ಲಿ ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿ ಚಿಕಿತ್ಸೆಗೆ ಸೇರಿದರು. ಚಿಕಿತ್ಸೆ ಫಲಿಸಿತು, ಅಣ್ಣ ಗುಣಮುಖರಾದರು.

ಸ್ವಂತದ್ದೊಂದು ಆಲ್ಬಮ್, ಸ್ವಂತದ್ದೊಂದು ಮನೆ

ಅಣ್ಣ ಚಿಕಿತ್ಸೆಯ ನಂತರ ವಿಶ್ರಾಂತಿಯಲ್ಲಿದ್ದಾಗ ಕಾರೆನ್ ನ್ಯೂಯಾರ್ಕಿಗೆ ಹೋಗಿ ಫಿಲ್ ರಮೋನ್ ಅವರ ನಿರ್ದೇಶನದಲ್ಲಿ ಒಂಟಿಯಾಗಿ ಆಲ್ಬಮೊಂದನ್ನು ಧ್ವನಿಮುದ್ರಿಸಿದರು. 1979 ಮತ್ತು 1980ರಲ್ಲಿ ಈ ಕೆಲಸ ನಡೆಯಿತು. ಕಂಪನಿ ಕೊಟ್ಟ ಒಂದು ಲಕ್ಷ ಡಾಲರಿನ ಮೇಲೆ ಅವರು ತಮ್ಮ ಕೈಯಿಂದ ಸುಮಾರು ನಾಲ್ಕು ಲಕ್ಷ ಡಾಲರ್ ಹಾಕಿದರು. ಮೂವತ್ತರ ಹೊಸ್ತಿಲಲ್ಲಿ ಅವರು ತಮ್ಮದೇ ಆಯ್ಕೆಯಿಂದ ಮಾಡಿದ ಮೊದಲ ದೊಡ್ಡ ಕೆಲಸ ಇದು. ಆದರೆ ಮುಗಿದ ಆಲ್ಬಮನ್ನು ಕೇಳಿದ ಕಂಪನಿಯ ಮುಖ್ಯಸ್ಥರೂ ಅಣ್ಣನೂ ಮೆಚ್ಚಲಿಲ್ಲ. ಆಲ್ಬಮ್ ಕಪಾಟು ಸೇರಿತು. ಕಾರೆನ್ ಅವರಿಗೆ ಇದು ದೊಡ್ಡ ಪೆಟ್ಟು. ಅದು ಬೆಳಕು ಕಂಡದ್ದು 1996ರ ಅಕ್ಟೋಬರ್‌ನಲ್ಲಿ, ಅವರು ತೀರಿಕೊಂಡು ಹದಿಮೂರು ವರ್ಷಗಳ ಮೇಲೆ. ಕೇಳಿ ನೋಡಿದರೆ ಮಹತ್ವದ ಕೃತಿ ಎನ್ನಲಾಗದು. ಕೆಲವು ಹಾಡುಗಳು ಅವರ ಧ್ವನಿಗೆ ಒಗ್ಗುವುದಿಲ್ಲ. ಆದರೂ ಯಾರ ನೆರಳೂ ಇಲ್ಲದೆ ಹಾಡುವ ಖುಷಿ ಅದರಲ್ಲಿ ಕೇಳಿಸುತ್ತದೆ.

ಕಾರೆನ್ ಅವರ ದೊಡ್ಡ ಆಸೆ ಮದುವೆ, ಮಕ್ಕಳು, ತನ್ನದೇ ಮನೆ. ಅವರು ಬಹಳ ಮೆಚ್ಚಿದ್ದ ತಮ್ಮದೇ ಹಾಡು 1976ರ 'ಐ ನೀಡ್ ಟು ಬಿ ಇನ್ ಲವ್' ಎಂದು ಅಣ್ಣ ಹೇಳಿದ್ದುಂಟು. 1980ರ ಆಗಸ್ಟ್ 31ರಂದು ಅವರು ಟಾಮ್ ಬರಿಸ್ ಎಂಬ ಉದ್ಯಮಿಯನ್ನು ಮದುವೆಯಾದರು. ಪರಿಚಯವಾಗಿ ಕೆಲವೇ ತಿಂಗಳಾಗಿತ್ತು. ವರನಿಗೆ ಆಗಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತೆಂಬ ವಿಷಯ ಕಾರೆನ್‌ಗೆ ತಿಳಿದದ್ದು ಮದುವೆ ಸಮೀಪಿಸಿದಾಗ. 1981ರ ಕೊನೆಗೆ ದಂಪತಿ ಬೇರೆಯಾದರು. ಆ ವರ್ಷ ಬಂದ 'ಮೇಡ್ ಇನ್ ಅಮೆರಿಕಾ' ಅವರು ಬದುಕಿದ್ದಾಗ ಹೊರಬಂದ ತಂಡದ ಕೊನೆಯ ಆಲ್ಬಮ್.

ಚಿಕಿತ್ಸೆಯ ವರ್ಷ

1982ರಲ್ಲಿ ಕಾರೆನ್ ಕೊನೆಗೂ ತಮಗೆ ಸಹಾಯ ಬೇಕೆಂದು ಒಪ್ಪಿ ನ್ಯೂಯಾರ್ಕಿಗೆ ಹೋದರು. ಈ ಕಾಯಿಲೆಯ ಬಗ್ಗೆ ಕಾದಂಬರಿ ಬರೆದು ಹೆಸರಾಗಿದ್ದ ಆಪ್ತ ಸಲಹಾಕಾರ ಸ್ಟೀವನ್ ಲೆವೆನ್‌ಕ್ರಾನ್ ಅವರ ಬಳಿ ತಿಂಗಳುಗಟ್ಟಲೆ ಹೋಗಿಬಂದರು. ಅವರಿಗೆ ಅಲ್ಲಿ ನಿರೀಕ್ಷಿಸಿದಷ್ಟು ಪ್ರಯೋಜನವಾಗಲಿಲ್ಲ. ಈ ನಡುವೆ ಹೆತ್ತವರನ್ನೂ ಅಣ್ಣನನ್ನೂ ಕರೆಸಿ ಒಟ್ಟಿಗೆ ಕೂರಿಸಿದ ದಿನವೊಂದರ ಬಗ್ಗೆ ಅವರ ಜೀವನಚರಿತ್ರೆಕಾರರು ಬರೆದಿದ್ದಾರೆ. ಮಗಳನ್ನು ಪ್ರೀತಿಸುತ್ತೇವೆಂದು ಅವಳ ಮುಖ ನೋಡಿ ಹೇಳಿರಿ ಎಂದು ಸಲಹಾಕಾರರು ಕೇಳಿಕೊಂಡರು. ತಾಯಿಗೆ ಆ ಮಾತು ಬಾಯಿಗೆ ಬರಲಿಲ್ಲ. ಪ್ರೀತಿ ಇರಲಿಲ್ಲವೆಂದು ಇದರ ಅರ್ಥವಲ್ಲ. ಅಡುಗೆ ಮಾಡಿ ಬಡಿಸುವುದರಲ್ಲಿ, ಗದರಿಸುವುದರಲ್ಲಿ, ಹಣಕಾಸು ನೋಡಿಕೊಳ್ಳುವುದರಲ್ಲಿ ಪ್ರೀತಿ ತೋರಿಸುತ್ತಿದ್ದ ಆ ತಲೆಮಾರಿನ ತಾಯಂದಿರನ್ನು ನಾವೂ ಬಲ್ಲೆವು. ಆದರೆ ಆ ಮಾತಿಗಾಗಿ ಕಾದಿದ್ದ ಮಗಳಿಗೆ ಆ ಮೌನ ಏನಾಗಿತ್ತೆಂದು ಊಹಿಸುವುದು ಕಷ್ಟವಲ್ಲ.

ಸೆಪ್ಟೆಂಬರ್‌ನಲ್ಲಿ ಕಾರೆನ್ ತೀರಾ ನಿತ್ರಾಣರಾಗಿ ನ್ಯೂಯಾರ್ಕಿನ ಲೆನಾಕ್ಸ್ ಹಿಲ್ ಆಸ್ಪತ್ರೆ ಸೇರಿದರು. ರಕ್ತನಾಳದ ಮೂಲಕ ಪೌಷ್ಟಿಕ ದ್ರವ ಕೊಟ್ಟು ಕೆಲವೇ ವಾರಗಳಲ್ಲಿ ಸುಮಾರು ಹದಿಮೂರು ಕಿಲೋ ತೂಕ ಹೆಚ್ಚಿಸಲಾಯಿತು. ನವೆಂಬರ್‌ನಲ್ಲಿ ಅವರು ಕ್ಯಾಲಿಫೋರ್ನಿಯಾಕ್ಕೆ ಮರಳಿದಾಗ ಮನೆಯವರೂ ಗೆಳೆಯರೂ ನಿಟ್ಟುಸಿರು ಬಿಟ್ಟರು. ಆದರೆ ವರ್ಷಗಟ್ಟಲೆ ಹಸಿದ ದೇಹದಲ್ಲಿ ಹೃದಯದ ಸ್ನಾಯುಗಳೇ ಸೊರಗಿರುತ್ತವೆ. ಪೊಟ್ಯಾಸಿಯಂ ಮುಂತಾದ ಲವಣಗಳು ಏರುಪೇರಾಗಿ ಹೃದಯದ ಬಡಿತ ತಪ್ಪುತ್ತದೆ. ತೂಕ ಮರಳಿ ಬಂದ ಮಾತ್ರಕ್ಕೆ ಹೃದಯವೂ ಮನಸ್ಸೂ ಗುಣವಾದಂತಲ್ಲ.

1983ರ ಜನವರಿ 11ರಂದು ಗ್ರ್ಯಾಮಿ ಪ್ರಶಸ್ತಿ ವಿಜೇತರ ಸಮೂಹ ಚಿತ್ರಕ್ಕಾಗಿ ಬಂದದ್ದೇ ಅವರ ಕೊನೆಯ ಸಾರ್ವಜನಿಕ ದರ್ಶನ. ಫೆಬ್ರವರಿ 4, ಶುಕ್ರವಾರ. ಡೌನಿಯ ಹೆತ್ತವರ ಮನೆಯಲ್ಲಿ ರಾತ್ರಿ ತಂಗಿದ್ದ ಕಾರೆನ್ ಬೆಳಿಗ್ಗೆ ಎದ್ದು ತಮ್ಮ ಕೋಣೆಯಲ್ಲಿ ಕುಸಿದು ಬಿದ್ದರು. ತಾಯಿ ಹೋಗಿ ನೋಡಿದಾಗ ಪ್ರಜ್ಞೆ ಇರಲಿಲ್ಲ. ಡೌನಿ ಆಸ್ಪತ್ರೆಯಲ್ಲಿ 9 ಗಂಟೆ 51 ನಿಮಿಷಕ್ಕೆ ವೈದ್ಯರು ಸಾವನ್ನು ಖಚಿತಪಡಿಸಿದರು. ವಿಚ್ಛೇದನ ಪತ್ರಗಳಿಗೆ ಅವರು ಸಹಿ ಹಾಕಬೇಕಿದ್ದುದೂ ಅದೇ ದಿನ. ಫೆಬ್ರವರಿ 8ರಂದು ಡೌನಿಯ ಮೆಥಡಿಸ್ಟ್ ಚರ್ಚಿನಲ್ಲಿ ಅಂತಿಮ ಪ್ರಾರ್ಥನೆ ನಡೆಯಿತು. ಇಪ್ಪತ್ತು ವರ್ಷಗಳ ಹಿಂದೆ ಅಣ್ಣ ಆರ್ಗನ್ ನುಡಿಸತೊಡಗಿದ್ದು ಡೌನಿಯ ಇದೇ ಮೆಥಡಿಸ್ಟ್ ಸಮುದಾಯದಲ್ಲಿ.

ಮರಣದ ನಂತರ

ಪತ್ರಿಕೆಗಳೂ ಟಿವಿಗಳೂ ಈ ಸಾವಿನ ಕಾರಣವನ್ನು ಬರೆದಾಗ ಅಮೆರಿಕದ ಲಕ್ಷಾಂತರ ಮನೆಗಳು ಅನೊರೆಕ್ಸಿಯಾ ಎಂಬ ಪದವನ್ನು ಮೊದಲ ಬಾರಿಗೆ ಕೇಳಿದವು. ಗುಟ್ಟಾಗಿ ನರಳುತ್ತಿದ್ದ ಅನೇಕ ಯುವತಿಯರು ವೈದ್ಯರ ಬಳಿ ಹೋಗಲು ಧೈರ್ಯ ಮಾಡಿದರು. ಹೆತ್ತವರಿಗೆ ತಮ್ಮ ಮಗಳ ಖಾಲಿ ತಟ್ಟೆಯ ಅರ್ಥ ಹೊಳೆಯಿತು.

ಸಂಗೀತಕ್ಕೂ ತಡವಾಗಿ ನ್ಯಾಯ ಸಿಕ್ಕಿತು. 1994ರಲ್ಲಿ ಸೋನಿಕ್ ಯೂತ್‌ನಂತಹ ಗಟ್ಟಿ ರಾಕ್ ತಂಡಗಳೇ ಸೇರಿ ಕಾರ್ಪೆಂಟರ್ಸ್ ಹಾಡುಗಳ ಗೌರವಾರ್ಪಣೆಯ ಆಲ್ಬಮ್ ತಂದವು. ಅದೇ ವರ್ಷ ಅವರು ಓದಿದ ಲಾಂಗ್ ಬೀಚ್ ವಿಶ್ವವಿದ್ಯಾಲಯದಲ್ಲಿ ಕಾರ್ಪೆಂಟರ್ ಹೆಸರಿನ ಕಲಾ ಮಂದಿರ ಉದ್ಘಾಟನೆಯಾಯಿತು. 1995ರಲ್ಲಿ ಜಪಾನಿನ ಟಿವಿ ಧಾರಾವಾಹಿಯೊಂದರಲ್ಲಿ ಅವರ ಹಾಡುಗಳನ್ನು ಬಳಸಿದಾಗ, ಹೊಸ ತಲೆಮಾರಿನ ಹದಿಹರೆಯದವರು ಆ ಸಂಕಲನದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಕೊಂಡರು. ನಾವು ಇಲ್ಲಿ ನಾಚಿಕೆಯಿಂದ ಕೇಳುತ್ತಿದ್ದ ಹಾಡುಗಳನ್ನು ಅಲ್ಲಿ ನಮ್ಮದೇ ವಯಸ್ಸಿನವರು ಹೆಮ್ಮೆಯಿಂದ ಕೇಳುತ್ತಿದ್ದರು.

ನಮ್ಮ ಮನೆಗಳಲ್ಲಿ

ಈ ಕಥೆ ದೂರದ ಅಮೆರಿಕದ್ದು ಎಂದು ಪಕ್ಕಕ್ಕಿಡುವಂತಿಲ್ಲ. ಮೊಬೈಲ್ ತೆರೆದರೆ ತೆಳ್ಳಗಿನ ದೇಹಗಳೇ ಕಾಣುವ ಇಂದಿನ ದಿನಗಳಲ್ಲಿ ನಮ್ಮ ಹೈಸ್ಕೂಲು, ಕಾಲೇಜು ಮಕ್ಕಳೂ ಇದಕ್ಕೆ ಹೊರತಲ್ಲ, ಹುಡುಗರೂ ಸಹ. ರೋಸ್, ಮದುವೆ, ಹಬ್ಬದೂಟಗಳಲ್ಲಿ ಬಹಳ ದಿನಗಳ ನಂತರ ಸಿಕ್ಕಿದ ಹುಡುಗಿಗೆ ನಾವು ಆಡುವ ಮೊದಲ ಮಾತು ಅವಳು ದಪ್ಪಗಾಗಿದ್ದಾಳೋ ತೆಳ್ಳಗಾಗಿದ್ದಾಳೋ ಎಂಬುದೇ. ಆಡಿದವರು ಮರೆಯುತ್ತಾರೆ, ಕೇಳಿದವಳು ಮರೆಯುವುದಿಲ್ಲ.

ಮಗು ಎಲ್ಲರೊಂದಿಗೆ ಊಟಕ್ಕೆ ಕೂರಲು ನೆಪ ಹೇಳುವುದು, ಬೇಗ ಬೇಗ ತೂಕ ಇಳಿಯುವುದು, ಸೆಕೆಯಲ್ಲೂ ಚಳಿಯೆನ್ನುವುದು, ದೊಗಲೆ ಬಟ್ಟೆಯಲ್ಲಿ ಮೈ ಮುಚ್ಚಿಕೊಳ್ಳುವುದು, ಮುಟ್ಟು ನಿಲ್ಲುವುದು, ತಲೆ ತಿರುಗಿ ಬೀಳುವುದು: ಇವು ಎಚ್ಚರಿಕೆಯ ಗುರುತುಗಳು. ತಪಸ್ಸು ಕಾಲದ ಉಪವಾಸವೂ ಇಂತಹ ಮಗುವಿಗೆ ಮರೆಯಾಗಬಹುದು. ಕಾಯಿಲೆಯವರಿಗೆ ಉಪವಾಸದ ಕಟ್ಟಳೆ ಇಲ್ಲವೆಂದು ಧರ್ಮೋಪದೇಶ ಶಿಕ್ಷಕರು ಮಕ್ಕಳಿಗೆ ಸ್ಪಷ್ಟವಾಗಿ ತಿಳಿಸಬೇಕು.

ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಳ್ಳುವವುಗಳಲ್ಲಿ ಅನೊರೆಕ್ಸಿಯಾ ಒಂದು. ಆದರೆ ಕಾರೆನ್ ಅವರ ಕಾಲಕ್ಕಿಂತ ಇಂದು ಚಿಕಿತ್ಸೆ ಬಹಳ ಮುಂದುವರಿದಿದೆ. ಹದಿಹರೆಯದವರ ವಿಷಯದಲ್ಲಿ ಹೆತ್ತವರನ್ನು ದೂಷಿಸದೆ, ಅವರನ್ನೇ ಚಿಕಿತ್ಸೆಯ ಪಾಲುದಾರರನ್ನಾಗಿ ಮಾಡಿ, ಮನೆಯ ಊಟದ ಮೇಜಿನಲ್ಲೇ ಮಗುವನ್ನು ಉಳಿಸಿಕೊಳ್ಳುವ ವಿಧಾನ 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡು ಈಗ ಎಲ್ಲೆಡೆ ಬಳಕೆಯಲ್ಲಿದೆ. ಬೇಗ ಗುರುತಿಸಿದರೆ ಗುಣವಾಗುವವರೇ ಹೆಚ್ಚು. ಎಲ್ಲಿ ಕೇಳಬೇಕೆಂದು ತಿಳಿಯದವರು 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈ ಡಿಸೆಂಬರ್‌ನಲ್ಲಿ ಕ್ರಿಬ್ ಕಟ್ಟುವಾಗ ಕಾರೆನ್ ಅವರ ಕ್ರಿಸ್ಮಸ್ ಆಲ್ಬಮ್ ನಮ್ಮ ಎಷ್ಟೋ ಮನೆಗಳಲ್ಲಿ ಮತ್ತೆ ಕೇಳಿಸಲಿದೆ. ಆ ಹೊತ್ತಿನಲ್ಲಿ ಮನೆಯ ಮಕ್ಕಳಿಗೆ ಈ ಗಾಯಕಿಯ ಕಥೆಯನ್ನೂ ಹೇಳಿರಿ. ಹೇಳುವಾಗ, ನಮ್ಮ ಮನೆಗಳಲ್ಲಿ ಹೇಳದೆ ಉಳಿದಿರುವ ಪ್ರೀತಿಯ ಮಾತು ಯಾವುದಾದರೂ ಇದ್ದರೆ ಅದನ್ನೂ ಹೇಳಿಬಿಡೋಣ.